ಬಿಸಿಲೂರಿನ ರಜೆ: ಒಂದು ಕೌದಿ, ಎರಡು ಭಾನುವಾರ

ಮಕ್ಕಳೇ, ಮತ್ತು ಮಕ್ಕಳನ್ನು ಸಂಭಾಳಿಸುತ್ತಿರುವ ಅಜ್ಜ ಅಜ್ಜಿಯರೇ,

ಬಾಗಲಕೋಟೆಯ ಬಿಸಿಲಿನ ಬಗ್ಗೆ ನಾನು ಹೊಸದಾಗಿ ಹೇಳಬೇಕಾದ್ದಿಲ್ಲ. ಬೆಳಿಗ್ಗೆ ಹತ್ತಕ್ಕೆ ಅಂಗಳದ ಕಲ್ಲು ಕಾದು ಹಂಚಾಗುತ್ತದೆ. ಹನ್ನೊಂದರಿಂದ ನಾಲ್ಕರವರೆಗೆ ನಾಯಿಯೂ ಬೇವಿನ ನೆರಳು ಬಿಟ್ಟು ಕದಲುವುದಿಲ್ಲ. ಇಂಥ ಹೊತ್ತಿನಲ್ಲಿ ಪುಣೆಯಿಂದ ಮೊಮ್ಮಗಳು ಬಂದಿಳಿದಳು, ಆರನೆಯ ತರಗತಿ ಮುಗಿಸಿ. ಇಲ್ಲಿಯೇ ಇರುವ ಮೊಮ್ಮಗ ನಾಲ್ಕನೆಯದು ಮುಗಿಸಿದ್ದಾನೆ. ಇಬ್ಬರೂ ಮೊದಲ ಎರಡು ದಿನ ಫ್ಯಾನಿನ ಕೆಳಗೆ ಮೊಬೈಲು ಹಿಡಿದು ಬಿದ್ದುಕೊಂಡಿದ್ದರು. ಮೂರನೆಯ ದಿನ ಕರೆಂಟು ಹೋಯಿತು. ಆ ಕರೆಂಟಿಗೆ ನಾನು ಇವತ್ತಿಗೂ ಋಣಿ.

ಕರೆಂಟಿಲ್ಲದ ಆ ಮಧ್ಯಾಹ್ನ ಹೊತ್ತು ಹೋಗದೆ ಮೊಮ್ಮಗಳು ನನ್ನ ಟ್ರಂಕು ತೆಗೆದಳು. ಅದರೊಳಗೆ ಎಲ್ಲಕ್ಕಿಂತ ಅಡಿಯಲ್ಲಿ ನನ್ನ ಅವ್ವನ ಇಳಕಲ್ ಸೀರೆ ಇತ್ತು. ಮದುವೆಯಲ್ಲಿ ಉಟ್ಟದ್ದು, ಆಮೇಲೆ ಹಬ್ಬಕ್ಕೆ, ಆಮೇಲೆ ಹೊಲಕ್ಕೂ ಉಟ್ಟದ್ದು. ಬಿಡಿಸಿ ನೋಡಿದರೆ ಒಡಲು ಜಾಳಾಗಿ, ಬೆಳಕಿಗೆ ಹಿಡಿದರೆ ಜರಡಿಯ ಹಾಗೆ ಕಾಣುತ್ತಿತ್ತು. ಸೆರಗು ಮಾತ್ರ ಕೆಂಪಗೆ ಹೊಳೆಯುತ್ತಿತ್ತು, ನಿನ್ನೆ ತಂದ ಹಾಗೆ.

“ಆಯಿ, ಇದು ಎರಡು ಸೀರಿ ಹೊಲದದ್ದೇನ?” ಅಂದಳು ಹುಡುಗಿ.

ಒಳ್ಳೆಯ ಪ್ರಶ್ನೆ. ಹೊಲಿದದ್ದಲ್ಲ, ಆದರೆ ಎರಡು ಎಂಬುದು ನಿಜ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಹತ್ತಿ, ಸೆರಗಿಗೆ ರೇಷ್ಮೆ. ಈ ಎರಡು ಹಾಸಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಅದಕ್ಕೇ ಹಳೆಯ ಸೀರೆಯಲ್ಲಿ ಹತ್ತಿ ಸೋತು, ರೇಷ್ಮೆ ಉಳಿದಿರುತ್ತದೆ. ಸೆರಗಿನ ಮೇಲೆ ಕೋಟೆಯ ಗೋಪುರದ ಸಾಲಿನಂತೆ ಕಾಣುವ ಬಿಳಿ ನೇಯ್ಗೆಗೆ ತೋಪು ತೆನೆ ಎನ್ನುತ್ತಾರೆ. ಬೇರೆ ಸೀರೆಯಾದರೆ ಒಂದೇ ಉದ್ದ ಹಾಸಿನಲ್ಲಿ ಸಾಲಾಗಿ ಹಲವು ಸೀರೆ ನೇಯಬಹುದು. ಕೊಂಡಿ ಸೆರಗಿಗೆ ಹಾಗಾಗದು. ಒಂದೊಂದು ಸೀರೆಗೂ ಹಾಸು ಹೊಸದಾಗಿ ಹೂಡಬೇಕು.

ಸೀರೆಯನ್ನು ಏನು ಮಾಡುವುದು? ನಾನು ಇಪ್ಪತ್ತು ವರ್ಷದಿಂದ ಮಡಚಿ ಇಟ್ಟಿದ್ದೆ. ಕತ್ತರಿಸಲು ಮನಸ್ಸಿಲ್ಲ, ಉಡಲು ಬರುವುದಿಲ್ಲ. ಹಳೆಯ ಬಾಗಲಕೋಟೆಯ ನಮ್ಮ ಮನೆ ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹೋಯಿತು. ನವನಗರಕ್ಕೆ ಬರುವಾಗ ನಾವು ತಂದ ಹಳೆಯ ವಸ್ತುಗಳು ಮೂರೇ: ಹೊಸ್ತಿಲ ಸಮೇತ ಬಾಗಿಲ ಚೌಕಟ್ಟು, ಒಂದು ಬೀಸುಕಲ್ಲು, ಈ ಟ್ರಂಕು. ಅದರಲ್ಲಿ ಒಂದಕ್ಕೆ ಕತ್ತರಿ ಹಾಕು ಅಂದರೆ ಹೇಗಾದೀತು ಹೇಳಿ. ನಮ್ಮೂರಿನ ಎಷ್ಟೋ ಮನೆಗಳಲ್ಲಿ ಇಂಥ ಮೂರು ನಾಲ್ಕು ವಸ್ತುಗಳಿವೆ, ಓದುವವರಿಗೆ ಗೊತ್ತು.

ಮೊಮ್ಮಗಳೇ ದಾರಿ ತೋರಿಸಿದಳು. “ಒಳ್ಳೇದು ಗೋಡೀಗೆ, ಹರಕ ಕೌದಿಗೆ” ಅಂದಳು, ಭಾಗಾಕಾರದ ಲೆಕ್ಕ ಬಿಡಿಸಿದಷ್ಟು ಸಲೀಸಾಗಿ. ನಾನು ಆ ದಿನ ಹೂಂ ಅನ್ನಲಿಲ್ಲ. ರಾತ್ರಿಯೆಲ್ಲ ಯೋಚಿಸಿದೆ. ಬೆಳಿಗ್ಗೆ ಎದ್ದು ಕತ್ತರಿ ನಾನೇ ಹಿಡಿದೆ. ಆದರೆ ಕೊಂಡಿಯ ಜಾಗದಲ್ಲಿ ಕತ್ತರಿಸಲಿಲ್ಲ. ಅದಕ್ಕಿಂತ ನಾಲ್ಕು ಬೆರಳು ಹಿಂದೆ, ಒಡಲಿನ ಬದಿಗೆ. ಕೊಂಡಿ ಕೂಡಿದ ಹಾಗೇ ಇರಲಿ.

ಸೆರಗು ಈಗ ಆ ಹಳೆಯ ಚೌಕಟ್ಟಿನ ಮೇಲೆ ತೋರಣದಂತೆ ಇದೆ. ಅದನ್ನು ಕಟ್ಟುವ ಮೊದಲು ಮಕ್ಕಳು ಚೌಕಟ್ಟನ್ನು ಒರೆಸಿ, ಹಳೆಯ ಬಟ್ಟೆಯಲ್ಲಿ ಎಣ್ಣೆ ಅದ್ದಿ ತಿಕ್ಕಿದರು. ನೀವೂ ಮಾಡಿ ನೋಡಿ. ಸಾಗವಾನಿಯ ಹಳೆಯ ಕಟ್ಟಿಗೆ ಎಣ್ಣೆ ಕುಡಿದರೆ ಹೇಗೆ ಬಣ್ಣ ಬಿಡುತ್ತದೆ ಎಂದು ನೋಡುವುದೇ ಒಂದು ಆಟ. ಗುಳೇದಗುಡ್ಡದ ಖಣದ ತುಂಡುಗಳು ಮನೆಯಲ್ಲಿದ್ದರೆ ಬಿಸಾಡಬೇಡಿ. ತ್ರಿಕೋನ ಮಾಡಿ ದಾರಕ್ಕೆ ಪೋಣಿಸಿದರೆ ಕಿಟಕಿಗೆ ಮಾಲೆಯಾಗುತ್ತದೆ. ಕುಂಬಾರರ ಓಣಿಯಿಂದ ಅಗಲ ಬಾಯಿಯ ಮಣ್ಣಿನ ತಟ್ಟೆ ತಂದು ಮಾಳಿಗೆಯ ಮೇಲೆ ನೀರಿಟ್ಟಿದ್ದೇವೆ. ಅದರ ಹೊರಮೈಗೆ ಸುಣ್ಣದಲ್ಲಿ ಚಿತ್ತಾರ ಬರೆದದ್ದು ಮೊಮ್ಮಗ. ಅವನ ಪ್ರಕಾರ ಅದು ನವಿಲು. ಗುಬ್ಬಿಗಳಿಗೆ ಅದರ ಬಗ್ಗೆ ತಕರಾರಿಲ್ಲ.

ಕೌದಿಯ ಮಾತು ಬೇರೆ. ಅದು ಒಂದು ದಿನದ ಕೆಲಸವಲ್ಲ. ಒಳಗೆ ಹಳೆಯ ಸೀರೆ ಧೋತರಗಳನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಹೊಂದಿಸಿ, ಅಂಚಿನಿಂದ ಸುತ್ತುತ್ತ ಸುತ್ತುತ್ತ ನಡುವಿಗೆ ಬರಬೇಕು. ಹೊಲಿಗೆ ಸಣ್ಣದಾದಷ್ಟೂ ಕೌದಿ ಗಟ್ಟಿ. ಮಧ್ಯಾಹ್ನದ ಆ ಐದು ತಾಸು, ಹೊರಗೆ ಹೋಗಲಾರದ ಹೊತ್ತು, ಇದಕ್ಕೆಂದೇ ಇದೆ. ಅಜ್ಜಂದಿರು ಸೂಜಿಗೆ ದಾರ ಪೋಣಿಸುವ ಕೆಲಸ ತಗೊಳ್ಳಬೇಡಿ. ಅದನ್ನು ಮಕ್ಕಳಿಗೆ ಬಿಡಿ, ಅವರ ಕಣ್ಣು ಚುರುಕು. ನಮ್ಮಲ್ಲಿ ಹುಡುಗನೂ ಹೊಲಿಯುತ್ತಾನೆ. ಮೊದಲ ದಿನ ನಾಚಿದ. ಅಕ್ಕನಿಗಿಂತ ತನ್ನ ಸಾಲು ನೆಟ್ಟಗಿದೆ ಎಂದು ಗೊತ್ತಾದ ಮೇಲೆ ನಾಚಿಕೆ ಹೋಯಿತು.

ಇನ್ನು ಭಾನುವಾರಗಳ ಕಥೆ.

ಮೊದಲ ಭಾನುವಾರ ಬಾದಾಮಿ. ನಮ್ಮ ಮನೆಯ ಮುತ್ಯಾನಿಗೆ ಎರಡೂ ಮೊಣಕಾಲು ಕೈಕೊಟ್ಟಿವೆ. “ನೀವು ಹೋಗ್ರಿ, ನಾ ಮನಿ ಕಾಯ್ತೀನಿ” ಅಂದರು. ಮೊಮ್ಮಗಳು, “ನೀ ಬರದಿದ್ರ ನಾನೂ ಬರಂಗಿಲ್ಲ” ಎಂದು ಚಪ್ಪಲಿ ಬಿಚ್ಚಿ ಕೂತಳು. ಕೊನೆಗೆ ಒಂದು ಒಪ್ಪಂದವಾಯಿತು: ಮುತ್ಯಾ ಕೆರೆಯ ದಂಡೆಯವರೆಗೆ ಬರುತ್ತಾರೆ, ಮೇಲೆ ಹತ್ತುವುದಿಲ್ಲ. ಮೇಲೆ ಏನಿದೆ ಎಂದು ಮಕ್ಕಳು ಬಂದು ಹೇಳಬೇಕು.

ಕತ್ತಲಿರುವಾಗಲೇ ಹೊರಟು, ಬೆಳಕು ಹರಿಯುವಾಗ ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಇದ್ದೆವು. ಬೇಸಿಗೆಯಲ್ಲಿ ಬಾದಾಮಿಗೆ ಹೋಗುವುದಾದರೆ ಇದೊಂದೇ ಹೊತ್ತು. ಕೆಂಪು ಬಂಡೆಗೆ ಮೊದಲ ಬಿಸಿಲು ಬಿದ್ದು, ಅದರ ನೆರಳು ನೀರಿನಲ್ಲಿ ಅಲುಗುತ್ತದೆ. ಕೆರೆಯಾಚೆ ಭೂತನಾಥ ಗುಡಿ ನೀರಿಗೆ ಕಾಲು ಚಾಚಿ ಕೂತ ಹಾಗೆ ಕಾಣುತ್ತದೆ. ಮುತ್ಯಾ ಕುಳಿತಲ್ಲಿಂದಲೇ ಎದುರಿನ ಗುಡ್ಡ ತೋರಿಸಿ ಪಾಠ ಸುರು ಮಾಡಿದರು, ನಿವೃತ್ತ ಮೇಷ್ಟ್ರಲ್ಲವೇ. ಚಾಲುಕ್ಯರ ಒಂದನೆಯ ಪುಲಿಕೇಶಿ 543ರಲ್ಲಿ ಈ ಗುಡ್ಡದ ಮೇಲೆ ಕೋಟೆ ಕಟ್ಟಿಸಿದ, ಆ ಮಾತು ಬಂಡೆಯ ಮೇಲೆ ಶಾಸನವಾಗಿ ಇವತ್ತಿಗೂ ಇದೆ. ಮೂರನೆಯ ಗುಹೆಯಲ್ಲಿ ಮಂಗಳೇಶನ ಶಾಸನವಿದೆ, ಅದರ ಕಾಲ 578.

ಗುಹೆಗಳ ಬಾಗಿಲು ತೆರೆಯುವ ಹೊತ್ತನ್ನು ಮೊದಲೇ ವಿಚಾರಿಸಿಕೊಂಡು ಹೋಗಿ. ಮೊದಲ ಗುಹೆಯಲ್ಲಿ ನಟರಾಜನ ಕೈ ಎಣಿಸಲು ಹೇಳಿದರೆ ಮಕ್ಕಳು ಹತ್ತು ನಿಮಿಷ ಸುಮ್ಮನಿರುತ್ತಾರೆ. ಹದಿನೆಂಟು ಬರಬೇಕು. ನಮ್ಮವನಿಗೆ ಹದಿನೇಳೇ ಬಂತು, ಮತ್ತೆ ಎಣಿಸಿದ. ನಾಲ್ಕನೆಯದು ಜೈನರ ಗುಹೆ, ಅಲ್ಲಿಂದ ಕೆರೆ ಪೂರ್ತಿ ಕಾಣುತ್ತದೆ. ಕೆಳಗೆ ಮೆಟ್ಟಿಲ ಮೇಲೆ ಬಿಳಿ ಟೋಪಿಯ ಚುಕ್ಕೆಯಾಗಿ ಮುತ್ಯಾ ಕೂಡ ಕಂಡರು. ಮಕ್ಕಳು ಕೂಗಿದರು. ಆ ಬಂಡೆಗಳ ನಡುವೆ ಕೂಗು ಎರಡು ಸಲ ಕೇಳಿಸುತ್ತದೆ. ಅವರು ಟವೆಲು ಬೀಸಿದರು.

ನನಗೆ ಗುಡಿಗಳಷ್ಟೇ ಇಷ್ಟವಾಗುವುದು ಅಲ್ಲಿಯ ಕಲ್ಲು. ಬಾದಾಮಿಯ ಬಂಡೆ ಮರಳುಗಲ್ಲು. ಕೋಟ್ಯಂತರ ವರ್ಷಗಳ ಹಿಂದೆ ನೀರು ಹೊತ್ತು ತಂದ ಮರಳು ಪದರು ಪದರಾಗಿ ಕೂತು ಗಟ್ಟಿಯಾದದ್ದು. ಬಂಡೆಯ ಮೈಮೇಲೆ ಓರೆ ಗೆರೆಗಳು ಕಾಣುತ್ತವಲ್ಲ, ಅವು ನೀರು ಯಾವ ಕಡೆ ಹರಿಯುತ್ತಿತ್ತು ಎಂದು ಹೇಳುತ್ತವೆ. ಕೆಲವು ಕಡೆ ಹೊಳೆಯ ದಂಡೆಯ ಮರಳಿನ ಮೇಲೆ ಇರುವಂಥ ಸಣ್ಣ ಅಲೆಯ ಗುರುತು ಕಲ್ಲಿನಲ್ಲೇ ಉಳಿದಿರುತ್ತದೆ. ಸುಡು ಬಿಸಿಲಿನಲ್ಲಿ, ಒಣ ಗುಡ್ಡದ ಮೇಲೆ, ಅಲೆ! ಮಕ್ಕಳೇ, ಗುಡ್ಡ ಹತ್ತುವಾಗ ಕಣ್ಣು ಕೆಳಗಿರಲಿ, ಒಂದಾದರೂ ಸಿಕ್ಕೀತು.

ಮುತ್ಯಾ ಒಂದು ಕೆಲಸ ಒಪ್ಪಿಸಿದ್ದರು. ಕೆರೆಯ ಈಶಾನ್ಯಕ್ಕೆ, ತಟ್ಟುಕೋಟಿಯ ಬದಿಯ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನವಿದೆ. ಸುಮಾರು 700ನೇ ಇಸವಿಯದು. ನಮಗೆ ಸಿಕ್ಕಿರುವ ತ್ರಿಪದಿಗಳಲ್ಲಿ ಎಲ್ಲಕ್ಕಿಂತ ಹಳೆಯವು ಇರುವುದು ಅದರಲ್ಲಿ. ತ್ರಿಪದಿ ಅಂದರೆ ನಮ್ಮ ಅವ್ವಂದಿರು ಬೀಸುಕಲ್ಲಿನ ಮುಂದೆ ಹಾಡುತ್ತಿದ್ದ ಅದೇ ಮೂರು ಸಾಲಿನ ಹಾಡು. “ಅದರಾಗಿನ ಮೂರು ಅಕ್ಷರ ಹೆಂಗದಾವೋ ಹಂಗ ಬರಕೊಂಡು ಬಾ” ಎಂದು ಮೊಮ್ಮಗಳ ಕೈಗೆ ನೋಟುಬುಕ್ಕು ಕೊಟ್ಟಿದ್ದರು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಹುಡುಗಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಪುಣೆಯ ಶಾಲೆಯಲ್ಲಿ ಮರಾಠಿ, ಹಿಂದಿ, ಇಂಗ್ಲಿಷು. ತಮ್ಮ ಇದನ್ನೇ ಹಿಡಿದು ಬಸ್ಸಿನ ಬೋರ್ಡು ತೋರಿಸಿ ಕಾಡುತ್ತಿರುತ್ತಾನೆ. ಅವಳು ಹಾಗಾಗಿ ಕನ್ನಡ ಪುಸ್ತಕ ಕಂಡರೆ ಮುಖ ತಿರುಗಿಸುತ್ತಿದ್ದಳು. ಬಂಡೆಯ ಹತ್ತಿರ ಹೋದಾಗ ತಮ್ಮ ಮುಂದೆ ಓಡಿ ತಲೆ ಎತ್ತಿ ನೋಡಿದ. ಬಾಯಿ ತೆರೆದ. ಮುಚ್ಚಿದ. “ಇದು ಕನ್ನಡ ಅಲ್ಲ” ಅಂದ.

ಅವಳು ಏನೂ ಅನ್ನದೆ, ಕೂತು, ಮೂರು ಅಕ್ಷರ ಚಿತ್ರ ಬರೆದಂತೆ ಬರೆದುಕೊಂಡಳು. ಕೆಳಗೆ ಬಂದು ಮುತ್ಯಾನ ಮುಂದೆ ಹಿಡಿದಳು. ಅವರು ಕನ್ನಡಕ ಏರಿಸಿ ಎರಡು ಗುರುತಿಸಿದರು. ಮೂರನೆಯದಕ್ಕೆ ತಲೆ ಕೆರೆದುಕೊಂಡರು. “ನಿನಗೂ ಬರೂದಿಲ್ಲೇನ ಮುತ್ಯಾ?” ಅಂದಳು. “ಬರೂದಿಲ್ಲವ್ವಾ. ಸಾವಿರದ ಮುನ್ನೂರು ವರ್ಷದಾಗ ಅಕ್ಷರ ಭಾಳ ತಿರುಗ್ಯಾವು. ನಾನೂ ಕಲೀಬೇಕು” ಅಂದರು. ಹುಡುಗಿಯ ಮುಖದಲ್ಲಿ ಅಂಥ ಸಂತೋಷ ನಾನು ಆ ವಾರವೆಲ್ಲ ನೋಡಿರಲಿಲ್ಲ.

ಆಮೇಲೆ ಬುತ್ತಿ ಬಿಚ್ಚಿದೆವು. ಬಿಚ್ಚಬಾರದಿತ್ತು. ಬಾದಾಮಿಯ ಮಂಗಗಳ ಬಗ್ಗೆ ಎಲ್ಲರೂ ಎಚ್ಚರಿಸುತ್ತಾರೆ, ಎಲ್ಲರೂ ಮರೆಯುತ್ತಾರೆ. ಎಣ್ಣೆಗಾಯಿಯ ಡಬ್ಬಿ ಉಳಿಯಿತು, ರೊಟ್ಟಿಯ ಗಂಟು ಮರ ಹತ್ತಿತು. ಹೀಗಾಗಿ ಬನಶಂಕರಿಗೆ ಹೋಗಿ, ಗುಡಿಯ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂತ ಹೆಣ್ಣುಮಕ್ಕಳ ಹತ್ತಿರ ಜೋಳದ ರೊಟ್ಟಿ, ಕೆಂಪು ಚಟ್ನಿ, ಗಟ್ಟಿ ಮೊಸರು ತಿಂದೆವು. ನನ್ನ ರೊಟ್ಟಿಗಿಂತ ಚೆನ್ನಾಗಿತ್ತು, ಮನೆಯವರು ಅದನ್ನು ಎರಡು ಸಲ ಹೇಳುವ ಅಗತ್ಯವಿರಲಿಲ್ಲ. ಹತ್ತು ಗಂಟೆಗೆ ವಾಪಸು ಹೊರಟೆವು. ಸಮಯವಿದ್ದವರು ಮಹಾಕೂಟಕ್ಕೂ ಹೋಗಬಹುದು. ಅಲ್ಲಿಯ ಪುಷ್ಕರಣಿಗೆ ಊಟೆಯ ನೀರು ಬರುತ್ತದೆ. ಈಜು ಬರುವ ದೊಡ್ಡವರು ಜೊತೆಗಿಲ್ಲದೆ ಮಕ್ಕಳು ಯಾವ ನೀರಿಗೂ ಇಳಿಯಬಾರದು, ಇದರಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ.

ಎರಡನೆಯ ಭಾನುವಾರ ಹುನಗುಂದದ ಕಡೆ. ಮೊದಲು ಕೂಡಲಸಂಗಮ. ಕೃಷ್ಣೆ ಮಲಪ್ರಭೆಯರು ಕೂಡುವ ಜಾಗ. ಸುತ್ತ ನೀರು ನಿಲ್ಲುವುದರಿಂದ ಬಸವಣ್ಣನವರ ಐಕ್ಯಸ್ಥಳಕ್ಕೆ ಬಾವಿಯಂತೆ ಗೋಡೆ ಕಟ್ಟಿ, ಮೆಟ್ಟಿಲಿಳಿದು ಹೋಗುವ ಹಾಗೆ ಮಾಡಿದ್ದಾರೆ. ನೀರಿಗೆ ಬಿಟ್ಟುಕೊಡದೆ ಉಳಿಸಿಕೊಂಡ ಜಾಗ ಅದು. ಮುತ್ಯಾ ಮೇಲೆ ಗೋಡೆಗೆ ಕೈಯೂರಿ ನಿಂತು ನೀರನ್ನು ಬಹಳ ಹೊತ್ತು ನೋಡಿದರು. ಹಳೆಯ ಊರಿನ ನೆನಪೋ ಏನೋ, ನಾನು ಕೇಳಲಿಲ್ಲ. ಐಹೊಳೆಯೂ ಇದೇ ತಾಲ್ಲೂಕಿನದು. ಆದರೆ ಅದು ಬೇಸಿಗೆಯ ಊರಲ್ಲ, ದೀಪಾವಳಿ ರಜೆಗೆ ಇಟ್ಟುಕೊಂಡಿದ್ದೇವೆ.

ಅಲ್ಲಿಂದ ಹುನಗುಂದ ದಾಟಿ ಇಳಕಲ್ಲು. ಪರಿಚಯದ ನೇಕಾರರೊಬ್ಬರ ಮನೆಗೆ ಮೊದಲೇ ಹೇಳಿ ಹೋಗಿದ್ದೆವು. ಕುಣಿಮಗ್ಗ ಅಂದರೆ ನೆಲದಲ್ಲಿ ಗುಂಡಿ, ಗುಂಡಿಯೊಳಗೆ ಕಾಲು, ಕಾಲಿಗೆ ಹಲಗೆ. ಮೊಮ್ಮಗ ಗುಂಡಿಯಲ್ಲಿ ಕಾಲಿಳಿಸಿ, “ಇಲ್ಲಿ ಎಷ್ಟು ತಂಪ ಐತಿ!” ಅಂದ. ನೇಕಾರರ ಹೆಂಡತಿ ಕೊಂಡಿ ಹಾಕುವುದನ್ನು ಮಕ್ಕಳ ಮುಂದೆಯೇ ತೋರಿಸಿದರು. ಬೆರಳ ತುದಿಯಲ್ಲಿ ಹತ್ತಿಯ ಎಳೆ, ರೇಷ್ಮೆಯ ಎಳೆ, ಒಂದು ತಿರುವು, ಮುಗಿಯಿತು. ಮತ್ತೆ ಮುಂದಿನದು. ನಾನು ಅವ್ವನ ಸೀರೆಯ ಕೊಂಡಿಯ ತುದಿಯಿಂದ ಒಂದು ಬೆರಳಗಲದ ಅಂಚು ಒಯ್ದಿದ್ದೆ. ಅವರು ಕೈಯಲ್ಲಿ ಹಿಡಿದು ಉಗುರಿನಿಂದ ಸವರಿ, “ಇದನ್ನ ಹಾಕಿದವರ ಕೈ ಛಲೋ ಇತ್ತು” ಅಂದರು. ಅವರ ಮಗ ಬೇರೆ ಊರಿನಲ್ಲಿ ಕಂಪನಿ ಕೆಲಸದಲ್ಲಿದ್ದಾನೆ. ಪವರ್‌ಲೂಮಿನ ಸೀರೆ ಅರ್ಧ ಬೆಲೆಗೆ ಸಿಗುವಾಗ ಕೈಮಗ್ಗದ ಮುಂದೆ ಕೂರು ಎಂದು ಹೇಳುವುದು ಹೇಗೆ ಎಂದು ಕೇಳಿದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಒಂದು ಸೀರೆ ತಗೊಂಡೆವು, ಚೌಕಾಸಿ ಮಾಡದೆ.

ನಿಸರ್ಗ ನೋಡಲು ದೂರ ಹೋಗಲಾರದ ಅಜ್ಜ ಅಜ್ಜಿಯರಿಗೆ ಒಂದು ಉಪಾಯ. ಬೆಳಿಗ್ಗೆ ಆರಕ್ಕೆ ಮನೆಯಿಂದ ಐದುನೂರು ಹೆಜ್ಜೆ, ಅಷ್ಟೇ. ಮುತ್ಯಾ ಕೋಲು ಹಿಡಿದು, ಮಕ್ಕಳು ನೋಟುಬುಕ್ಕು ಹಿಡಿದು ಹೋಗುತ್ತಾರೆ. ಕಕ್ಕೆ ಮರ ಎಲೆಯನ್ನೆಲ್ಲ ಉದುರಿಸಿ ಹಳದಿ ಗೊಂಚಲು ತೂಗಿಬಿಟ್ಟಿದೆ. ಹೊಂಗೆಗೆ ಹೊಸ ಎಲೆ, ಗುಲ್‌ಮೊಹರಿಗೆ ಕೆಂಪು. ತಂತಿಯ ಮೇಲೆ ಕುಳಿತ ಹಸಿರು ಕಳ್ಳಿಪೀರ ಹಾರಿ, ಜೇನ್ನೊಣ ಹಿಡಿದು, ಅದೇ ತಂತಿಗೆ ಬಂದು ಬಡಿದು ತಿನ್ನುವುದನ್ನು ಮಕ್ಕಳು ಎಣಿಸಿದ್ದಾರೆ, ಕಾಲು ತಾಸಿಗೆ ಆರು. ಮರದ ಹೆಸರು ಬರೆಯುವಾಗ ಮೊಮ್ಮಗಳು ಮೊದಲು ಮರಾಠಿಯಲ್ಲಿ ಬರೆಯುತ್ತಿದ್ದಳು. ಈಗ ಪಕ್ಕದಲ್ಲಿ ಕನ್ನಡದಲ್ಲೂ ಇದೆ. ಕಕ್ಕೆಯ ಒತ್ತಕ್ಷರ ಮಾತ್ರ ಪ್ರತಿದಿನ ಬೇರೆ ಬೇರೆ ದಿಕ್ಕಿಗೆ ತಿರುಗಿರುತ್ತದೆ. ತಮ್ಮ ತಿದ್ದಲು ಹೋದರೆ, “ಸಾವಿರ ವರ್ಷ ಆದ ಮ್ಯಾಲ ಹಿಂಗ ಆಗ್ತದ” ಅನ್ನುತ್ತಾಳೆ.

ಕೌದಿ ಇನ್ನೂ ಮುಗಿದಿಲ್ಲ. ನಡುವಿನಲ್ಲಿ ಒಂದು ಗೇಣು ಚೌಕ ಉಳಿದಿದೆ. ಅವಳು ಮುಂದಿನ ಗುರುವಾರ ಪುಣೆಗೆ ಹೊರಡುತ್ತಾಳೆ, ಅಷ್ಟರಲ್ಲಿ ಆಗುವ ಹಾಗೆ ಕಾಣುವುದಿಲ್ಲ. ಉಳಿದದ್ದನ್ನು ನಾನೇ ಹೊಲಿಯುತ್ತೇನೆ ಅಂದರೆ ಇಬ್ಬರೂ ಒಪ್ಪಲಿಲ್ಲ. ಸೂಜಿಯನ್ನು ಹಾಗೇ ಚುಚ್ಚಿಟ್ಟು, ಮಡಚಿ, ಟ್ರಂಕಿನಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟಿದ್ದಾರೆ.