ಟುಲಿಪ್ ಹುಚ್ಚು: ಮ್ಯಾಕೆಯ ಕಥೆ ಪರೀಕ್ಷೆಗೆ ನಿಲ್ಲುವುದಿಲ್ಲ
ಟುಲಿಪ್ ಗಡ್ಡೆಗಳ ವ್ಯಾಮೋಹಕ್ಕೆ ಬಿದ್ದು ಹಾಲೆಂಡಿನ ಜನರೆಲ್ಲ ಬುದ್ಧಿಗೆಟ್ಟರು, ದೇಶದ ವ್ಯಾಪಾರವೇ ನೆಲಕಚ್ಚಿತು ಎಂದು ಲೇಖಕ ಚಾರ್ಲ್ಸ್ ಮ್ಯಾಕೆ 1841ರಲ್ಲಿ ಬರೆದದ್ದನ್ನು ಇಂದಿಗೂ ಹಲವರು ಉರುಹೊಡೆಯುತ್ತಾರೆ. 1637ರ ಫೆಬ್ರವರಿಯಲ್ಲಿ ಬೆಲೆ ಕುಸಿದದ್ದು ನಿಜ. ಉಳಿದ ಚಿತ್ರಣಕ್ಕೆ ಮೂಲ, ಆ ಕಾಲದ ಲೇವಡಿಯ ಕರಪತ್ರಗಳು. ಡಚ್ ದಾಖಲೆಗಳನ್ನು ಶೋಧಿಸಿದ ಇತಿಹಾಸಜ್ಞೆ ಆನ್ ಗೋಲ್ಡ್‌ಗಾರ್ 2007ರ ಕೃತಿಯಲ್ಲಿ ತೋರಿಸಿದಂತೆ, ವಹಿವಾಟು ನಡೆಸಿದವರು ಬಹುಪಾಲು ಅನುಕೂಲಸ್ಥ ವರ್ತಕರು, ಕುಶಲಕರ್ಮಿಗಳು. ಬೆಲೆ ಕುಸಿತದಿಂದ ದೇಶದ ಆರ್ಥಿಕತೆ ಕುಸಿಯಲಿಲ್ಲ. ಚಳಿಗಾಲದಲ್ಲಿ ಗಡ್ಡೆಗಳು ನೆಲದೊಳಗಿದ್ದುದರಿಂದ ಕೈಬದಲಾದದ್ದು ಮುಂಗಡ ಕರಾರು. ಗಡ್ಡೆ ಕೀಳುವ ಮೊದಲೇ ಬೆಲೆ ಬಿದ್ದು, ಅನೇಕರು ಹಣ ಕೊಡಲೇ ಇಲ್ಲ. ದುಬಾರಿ ಬೆಲೆಗೂ ಕಾರಣವಿತ್ತು: ಎಸಳುಗಳಲ್ಲಿ ಬಣ್ಣದ ಪಟ್ಟೆ ಮೂಡಿಸುತ್ತಿದ್ದ ವೈರಸ್ ಗಡ್ಡೆಯನ್ನು ಸೊರಗಿಸಿ, ಮರಿಗಡ್ಡೆಗಳನ್ನು ಕಡಿಮೆ ಮಾಡುತ್ತಿತ್ತು. ಅಪರೂಪದ ವಸ್ತುವಿಗೆ ಹೆಚ್ಚು ತೆರುವುದನ್ನು ಹುಚ್ಚೆನ್ನಲಾಗದು. ಡಚ್ಚರ ಟುಲಿಪ್ ಪ್ರೀತಿಯೂ ಅಲ್ಲಿಗೆ ಮುಗಿಯಲಿಲ್ಲ; ಇಂದು ಜಗತ್ತಿನ ಅತಿ ಹೆಚ್ಚು ಟುಲಿಪ್ ಗಡ್ಡೆ ಬೆಳೆಯುವ ದೇಶ ನೆದರ್ಲೆಂಡ್ಸ್.