ಬ್ರೌಸರಿನ ಹೊಸ ಮುಖವೂ ಬಳಸುವವರ ಮಾತೂ

ವಿದ್ಯಾಸಂಸ್ಥೆಯೊಂದರ ಸ್ಮರಣ ಸಂಚಿಕೆಯಲ್ಲಿ ಗಣಕಯಂತ್ರದ ಬ್ರೌಸರಿನ ವಿಚಾರವೇಕೆಂದು ಕೆಲವು ಹಿರಿಯರಿಗೆ ಅನಿಸಬಹುದು. ಆದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಯಾವ ಪ್ರೌಢಶಾಲೆಯ ಕಚೇರಿಯನ್ನು ಹೊಕ್ಕರೂ ಇಂದು ಬೆಳಗ್ಗೆ ಹಾಜರಿ ಪುಸ್ತಕದೊಡನೆ ತೆರೆದುಕೊಳ್ಳುವುದು ಬ್ರೌಸರಿನ ಕಿಟಕಿಯೇ. ಮಕ್ಕಳ ಸ್ಯಾಟ್ಸ್ ದಾಖಲೆ, ವಿದ್ಯಾರ್ಥಿವೇತನದ ಅರ್ಜಿ, ಎಸ್.ಎಸ್.ಎಲ್.ಸಿ. ನೋಂದಣಿ ಎಲ್ಲವೂ ಅದರ ಮೂಲಕ ಸಾಗಬೇಕು. ಪೋಷಕರಾದ ರೈತರ ಪಹಣಿಯೂ ಅಲ್ಲಿಯೇ ಕಾಣಸಿಗುತ್ತದೆ. ಇಂಥ ಉಪಕರಣದ ಮುಖಚಹರೆಯು ಒಂದು ಬೆಳಗ್ಗೆ ಹೇಳದೆ ಕೇಳದೆ ಬದಲಾದರೆ ಅದು ನಮ್ಮ ಮನೆಯ ವಿಷಯವಾಗದೆ ಇರಲಾರದು.

ಫೈರ್‌ಫಾಕ್ಸ್ ಎಂಬ ಬ್ರೌಸರಿನ ಚರಿತ್ರೆಯನ್ನೇ ನೋಡೋಣ. ೨೦೧೧ರಲ್ಲಿ ಬಂದ ನಾಲ್ಕನೆಯ ಆವೃತ್ತಿಯು ವಿಂಡೋಸ್ ೭ರ ಯಂತ್ರಗಳಲ್ಲಿ ಹಳೆಯ ಮೆನು ಪಟ್ಟಿಯನ್ನು ಮರೆಮಾಡಿ, ಎಡ ಮೂಲೆಯಲ್ಲಿ ಒಂದು ಕಿತ್ತಳೆ ಬಣ್ಣದ ಗುಂಡಿಯನ್ನು ಇಟ್ಟಿತು. ಜನ ಅದಕ್ಕೆ ಒಗ್ಗಿಕೊಂಡರು. ೨೦೧೪ರ ಏಪ್ರಿಲಿನಲ್ಲಿ ಬಂದ ೨೯ನೆಯ ಆವೃತ್ತಿಯು ಆ ಗುಂಡಿಯನ್ನು ತೆಗೆದು, ಬಲ ಮೂಲೆಯಲ್ಲಿ ಮೂರು ಅಡ್ಡಗೆರೆಗಳ ಚಿಹ್ನೆಯನ್ನು ಸ್ಥಾಪಿಸಿತು. ಟ್ಯಾಬುಗಳು ಬಾಗಿದ ಅಂಚಿನವಾದವು. ಬಳಕೆದಾರರಲ್ಲಿ ಅಸಮಾಧಾನ ಎಷ್ಟಿತ್ತೆಂದರೆ, ಹಳೆಯ ರೂಪವನ್ನು ಮರಳಿ ತರಲೆಂದೇ ‘ಕ್ಲಾಸಿಕ್ ಥೀಮ್ ರೆಸ್ಟೋರರ್’ ಎಂಬ ಒಂದು ಉಪತಂತ್ರಾಂಶ ಹುಟ್ಟಿಕೊಂಡಿತು. ೨೦೧೭ರ ನವೆಂಬರಿನ ೫೭ನೆಯ ಆವೃತ್ತಿಯು ಹಳೆಯ ಬಗೆಯ ಉಪತಂತ್ರಾಂಶಗಳನ್ನೆಲ್ಲ ಕೈಬಿಟ್ಟಾಗ ಆ ಆಸರೆಯೂ ಹೋಯಿತು. ೨೦೨೧ರ ಜೂನಿನಲ್ಲಿ ೮೯ನೆಯ ಆವೃತ್ತಿಯೊಡನೆ ಮತ್ತೊಂದು ರೂಪಾಂತರ: ಟ್ಯಾಬುಗಳು ತೇಲುವ ಗುಂಡಿಗಳಂತಾದವು, ಪಟ್ಟಿಗಳ ನಡುವಿನ ಅಂತರ ಹಿಗ್ಗಿತು, ಮುಖ್ಯ ಮೆನುವಿನೊಳಗಿನ ಪುಟ್ಟ ಚಿತ್ರಗಳು ಮಾಯವಾದವು.

ಈ ಕೊನೆಯ ಮಾತಿನ ಬಳಿ ಸ್ವಲ್ಪ ನಿಲ್ಲಬೇಕು. ಮೆನುವಿನ ಚಿತ್ರವು ಇಂಗ್ಲಿಷನ್ನು ನಿರಾಯಾಸವಾಗಿ ಓದುವವರಿಗೆ ಅಲಂಕಾರ. ಅಕ್ಷರ ಕೂಡಿಸಿ ಓದುವ ಎಂಟನೆಯ ತರಗತಿಯ ಬಾಲಕನಿಗೂ, ಐವತ್ತು ದಾಟಿದ ಮೇಲೆ ಮೌಸ್ ಹಿಡಿದ ನಮ್ಮ ಗುಮಾಸ್ತರಿಗೂ ಅದೇ ದಾರಿ ತೋರುವ ಕೈಮರ. ಅವರು ಪದವನ್ನು ಓದುವುದಿಲ್ಲ, ಸ್ಥಾನವನ್ನೂ ಆಕೃತಿಯನ್ನೂ ನೆನಪಿಟ್ಟುಕೊಂಡಿರುತ್ತಾರೆ. ‘ಮೇಲಿಂದ ಐದನೆಯದು, ಮುದ್ರಣಯಂತ್ರದ ಚಿತ್ರವಿರುವುದು’ ಎಂದು ಉಪಾಧ್ಯಾಯರು ಹೇಳಿಕೊಟ್ಟ ಪಾಠ ಒಂದು ರಾತ್ರಿಯಲ್ಲಿ ನಿರರ್ಥಕವಾಗುತ್ತದೆ. ಚಿತ್ರಗಳನ್ನು ತೆಗೆದ ವಿನ್ಯಾಸಕಾರರು ದುರುದ್ದೇಶದಿಂದ ತೆಗೆದರೆಂದು ನಾನು ಹೇಳಲಾರೆ. ಅವರ ಕಣ್ಣಮುಂದೆ ಈ ಬಾಲಕ ಇರಲಿಲ್ಲ, ಅಷ್ಟೆ.

ಬಳಸುವವರ ಮಾತಿಗೆ ಬೆಲೆಯೇ ಇಲ್ಲವೆಂದು ನಿರಾಶರಾಗಲೂ ಕಾರಣವಿಲ್ಲ. ೮೯ನೆಯ ಆವೃತ್ತಿಯಲ್ಲಿ ಪಟ್ಟಿಗಳನ್ನು ಕಿರಿದಾಗಿಸುವ ಸೌಲಭ್ಯವನ್ನು ಪೂರ್ಣವಾಗಿ ತೆಗೆಯುವ ಯೋಜನೆಯಿತ್ತು. ಆಕ್ಷೇಪಣೆಗಳು ಬಂದ ಮೇಲೆ ಅದನ್ನು ‘ಬೆಂಬಲವಿಲ್ಲ’ ಎಂಬ ಹಣೆಪಟ್ಟಿಯೊಡನೆ ಒಳಮೂಲೆಯಲ್ಲಿ ಉಳಿಸಿಕೊಂಡರು. ಗೂಗಲ್ ಸಂಸ್ಥೆಯ ಕ್ರೋಮ್ ೨೦೧೮ರ ಸೆಪ್ಟೆಂಬರಿನಲ್ಲಿ ತಾಣಗಳ ವಿಳಾಸದ ಮೊದಲಿನ ‘ಡಬ್ಲ್ಯೂ ಡಬ್ಲ್ಯೂ ಡಬ್ಲ್ಯೂ’ವನ್ನು ಮರೆಮಾಡಿತು, ಪ್ರತಿಭಟನೆ ಬಂದೊಡನೆ ಮರಳಿ ತೋರಿಸಿತು, ಮರುವರ್ಷ ಸದ್ದಿಲ್ಲದೆ ಮತ್ತೆ ಮರೆಮಾಡಿತು! ಮೈಕ್ರೋಸಾಫ್ಟ್ ಸಂಸ್ಥೆಯೂ ೨೦೧೨ರ ವಿಂಡೋಸ್ ೮ರಲ್ಲಿ ತೆಗೆದ ಸ್ಟಾರ್ಟ್ ಗುಂಡಿಯನ್ನು ಮರುವರ್ಷವೇ ೮.೧ರಲ್ಲಿ ಹಿಂದಕ್ಕೆ ತರಬೇಕಾಯಿತು.

ಆದರೆ ಕೇಳಿಸುವುದು ಯಾರ ಮಾತು? ನನ್ನ ಮುಖ್ಯ ಆಕ್ಷೇಪಣೆ ಇಲ್ಲಿದೆ. ‘ಈ ಸೌಲಭ್ಯವನ್ನು ಬಳಸುವವರು ಅತ್ಯಲ್ಪ’ ಎಂಬ ಅಂಕಿಅಂಶವೇ ಸಾಮಾನ್ಯವಾಗಿ ತೆಗೆದುಹಾಕುವವರ ಸಮರ್ಥನೆ. ಆ ಅಂಕಿಯನ್ನು ಬ್ರೌಸರೇ ಪ್ರತಿ ಯಂತ್ರದಿಂದ ಸಂಗ್ರಹಿಸಿ ಕಳುಹಿಸುತ್ತದೆ. ನಗರದ ಒಬ್ಬ ಉದ್ಯೋಗಿಯ ಯಂತ್ರವೂ ಒಂದು ಲೆಕ್ಕ. ಜಗಳೂರಿನ ಹಳ್ಳಿಯ ಶಾಲೆಯಲ್ಲಿ ನಲವತ್ತು ಮಕ್ಕಳು ಸರದಿಯಂತೆ ಕುಳಿತು ಬಳಸುವ ಯಂತ್ರವೂ ಒಂದೇ ಲೆಕ್ಕ. ದೂರು ಬರೆಯಲು ಇಂಗ್ಲಿಷ್ ಬೇಕು, ಪುರಸೊತ್ತು ಬೇಕು, ಬರೆದರೆ ಓದುವವರುಂಟೆಂಬ ನಂಬಿಕೆಯೂ ಬೇಕು. ಈ ಮೂರೂ ಇಲ್ಲದವರ ಮೌನ ಸಮ್ಮತಿಯೆಂದು ದಾಖಲಾಗುತ್ತದೆ. ಅಂಕಿಅಂಶವೂ ಎಡವಬಹುದೆಂಬುದಕ್ಕೆ ಟ್ಯಾಬುಗಳನ್ನು ಗುಂಪುಗೂಡಿಸುವ ಸೌಲಭ್ಯವೇ ಸಾಕ್ಷಿ: ಬಳಸುವವರು ಕಡಿಮೆಯೆಂದು ೨೦೧೬ರಲ್ಲಿ ತೆಗೆದುಹಾಕಿದ್ದನ್ನು, ಬಳಕೆದಾರರ ಬೇಡಿಕೆಗೆ ಮಣಿದು ೨೦೨೫ರಲ್ಲಿ ಹೊಸ ರೂಪದಲ್ಲಿ ತರಲಾಯಿತು. ಹೊಸ ತಾಲ್ಲೂಕು ರಚಿಸುವಾಗ ಸರ್ಕಾರವಾದರೂ ಕರಡು ಅಧಿಸೂಚನೆ ಹೊರಡಿಸಿ ಆಕ್ಷೇಪಣೆ ಕರೆಯುತ್ತದೆ. ಹೊನ್ನಾಳಿಯಿಂದ ಬೇರೆಯಾದ ನ್ಯಾಮತಿಯ ಜನರಿಗೆ ಇದು ಹೊಸ ಮಾತಲ್ಲ. ಕೋಟ್ಯಂತರ ಜನರ ನಿತ್ಯದ ಕಿಟಕಿಗೆ ಅಷ್ಟು ಮರ್ಯಾದೆಯೂ ಬೇಡವೇ?

ಕನ್ನಡಿಗರಿಗೆ ಇನ್ನೊಂದು ವಿಶೇಷ ನಷ್ಟವುಂಟು. ಫೈರ್‌ಫಾಕ್ಸ್ ಕನ್ನಡದಲ್ಲಿಯೂ ದೊರೆಯುತ್ತದೆ. ಅದರ ಮೆನುಗಳನ್ನು ಕನ್ನಡಿಸಿದವರು ಬಹುಪಾಲು ಸ್ವಯಂಸೇವಕರು. ರೂಪ ಬದಲಾದಾಗಲೆಲ್ಲ ಹೊಸ ಪದಪುಂಜಗಳು ಬರುತ್ತವೆ. ಅವನ್ನು ಯಾರಾದರೂ ಅನುವಾದಿಸುವವರೆಗೆ ಕನ್ನಡದ ಮೆನುವಿನ ನಡುವೆ ಇಂಗ್ಲಿಷ್ ಸಾಲುಗಳು ತೂರಿಕೊಳ್ಳುತ್ತವೆ. ಜರ್ಮನ್, ಫ್ರೆಂಚ್ ಭಾಷೆಗಳಲ್ಲಿ ಆ ಕೆಲಸಕ್ಕೆ ಕೈಗಳು ಬಹಳ, ನಮ್ಮಲ್ಲಿ ಬೆರಳೆಣಿಕೆಯಷ್ಟು. ಹೀಗೆ ಪ್ರತಿಯೊಂದು ಅಲಂಕಾರದ ಬದಲಾವಣೆಯೂ ಕನ್ನಡದ ಹಳೆಯ ದುಡಿಮೆಯ ಒಂದು ಪಾಲನ್ನು ವ್ಯರ್ಥಗೊಳಿಸುತ್ತದೆ. (ವಿಂಡೋಸ್ ಎಕ್ಸ್‌ಪಿಯೊಡನೆ ಬಂದ ಕನ್ನಡ ಅಕ್ಷರರೂಪದ ಹೆಸರು ‘ತುಂಗಾ’. ತುಂಗಭದ್ರೆಯ ದಂಡೆಯ ಹೊನ್ನಾಳಿಯಲ್ಲಿ ಕುಳಿತು ಅದನ್ನು ಮೊದಲು ಕಂಡಾಗ ಆದ ಸಂತೋಷವೇ ಬೇರೆ.)

ಬದಲಾವಣೆಯೇ ಬೇಡವೆಂಬುದು ನನ್ನ ವಾದವಲ್ಲ. ೫೭ನೆಯ ಆವೃತ್ತಿಯು ಹಳೆಯ ಉಪತಂತ್ರಾಂಶಗಳನ್ನು ಬಿಟ್ಟದ್ದು ವೇಗ ಮತ್ತು ಭದ್ರತೆಯ ಸಲುವಾಗಿ. ಅದರ ಔಚಿತ್ಯವನ್ನು ಒಪ್ಪಲೇಬೇಕು. ಭದ್ರತೆಯ ದುರಸ್ತಿಯನ್ನು ತಡೆಯುವವನು ತನಗೇ ಕೇಡು ಬಗೆಯುತ್ತಾನೆ. ಆದರೆ ದುರಸ್ತಿಯನ್ನೂ ಸುಣ್ಣಬಣ್ಣವನ್ನೂ ಒಂದೇ ಗಂಟಿನಲ್ಲಿ ಕಟ್ಟಿ, ‘ಎರಡನ್ನೂ ತೆಗೆದುಕೋ, ಇಲ್ಲವೇ ಎರಡನ್ನೂ ಬಿಡು’ ಎನ್ನುವುದು ನ್ಯಾಯವಲ್ಲ. ಇದಕ್ಕೆ ಒಂದು ಉಪಾಯ ೨೦೧೨ರಿಂದಲೇ ಇದೆ. ಶಾಲೆ, ಕಚೇರಿಗಳಿಗಾಗಿ ಫೈರ್‌ಫಾಕ್ಸಿನ ‘ಇ.ಎಸ್.ಆರ್.’ ಎಂಬ ದೀರ್ಘಾವಧಿಯ ಆವೃತ್ತಿಯನ್ನು ಪ್ರತ್ಯೇಕವಾಗಿ ಕೊಡುತ್ತಾರೆ. ಅದರಲ್ಲಿ ಸುಮಾರು ಒಂದು ವರ್ಷ ಕಾಲ ಭದ್ರತೆಯ ದುರಸ್ತಿಗಳು ಬರುತ್ತಲಿರುತ್ತವೆ, ಮುಖ ಬಹುಮಟ್ಟಿಗೆ ಹಾಗೆಯೇ ಇರುತ್ತದೆ. ಒಂದು ಶೈಕ್ಷಣಿಕ ವರ್ಷಕ್ಕೆ ಇದು ಹೇಳಿ ಮಾಡಿಸಿದಂತಿದೆ. ನಮ್ಮ ಶಾಲೆಗಳ ಗಣಕ ಕೊಠಡಿಗಳಲ್ಲಿ ಇದನ್ನೇ ಅಳವಡಿಸಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ವೆಚ್ಚವೇನೂ ಇಲ್ಲ. ಮರೆಯಾದ ಹಳೆಯ ಮೆನು ಪಟ್ಟಿಯೂ ‘ಆಲ್ಟ್’ ಕೀಲಿಯನ್ನು ಒತ್ತಿದೊಡನೆ ಕಾಣಿಸಿಕೊಳ್ಳುತ್ತದೆಂಬುದನ್ನು ಸಹೋದ್ಯೋಗಿಗಳು ಗಮನಿಸಬೇಕಾಗಿ ವಿನಂತಿ.

ದಾನಿಗಳು ಯಂತ್ರಗಳನ್ನು ಉದಾರವಾಗಿ ಕೊಟ್ಟಿದ್ದಾರೆ, ಕೊಡುತ್ತಲೂ ಇದ್ದಾರೆ. ಬೆಂಗಳೂರಿನಲ್ಲಿಯೂ ಪರದೇಶಗಳಲ್ಲಿಯೂ ತಂತ್ರಾಂಶ ರಚನೆಯಲ್ಲಿ ನಿರತರಾದ ನಮ್ಮ ಹಳೆಯ ವಿದ್ಯಾರ್ಥಿಗಳಿಂದ ನಾವು ಯಂತ್ರಕ್ಕಿಂತ ಹೆಚ್ಚಿನದನ್ನು ಅಪೇಕ್ಷಿಸಬಹುದು. ‘ಹೊಸ ರೂಪ ಚೆನ್ನಾಗಿಲ್ಲ’ ಎಂಬ ದೂರನ್ನು ಯಾರೂ ಎಣಿಸುವುದಿಲ್ಲ. ‘ಇಂಥ ಆವೃತ್ತಿಯಲ್ಲಿ ಇಂಥ ಗುಂಡಿ ಸ್ಥಳ ಬದಲಿಸಿದ್ದರಿಂದ ಇಷ್ಟು ಮಕ್ಕಳು ಇಂಥ ಕೆಲಸದಲ್ಲಿ ತಡವರಿಸಿದರು’ ಎಂದು ಬರೆದರೆ ವಿನ್ಯಾಸಕಾರರಿಗೂ ಅದು ಉಪಯುಕ್ತ. ಉಪಾಧ್ಯಾಯರು ಕನ್ನಡದಲ್ಲಿ ಬರೆದುಕೊಡಲಿ. ಹಳೆಯ ವಿದ್ಯಾರ್ಥಿಗಳು ಅದನ್ನು ಇಂಗ್ಲಿಷಿಗೆ ತಂದು ತಲುಪಬೇಕಾದಲ್ಲಿಗೆ ತಲುಪಿಸಲಿ, ಉಳಿದ ಮೆನುಗಳ ಕನ್ನಡ ಅನುವಾದಕ್ಕೂ ವಾರಕ್ಕೊಂದು ಗಂಟೆ ಕೊಡಲಿ. ಬರುವ ಬೇಸಗೆ ರಜೆಯಲ್ಲಿ ನಾಲ್ಕೂ ತಾಲ್ಲೂಕುಗಳ ಗಣಕ ಶಿಕ್ಷಕರು ಒಂದು ದಿನ ಒಂದೆಡೆ ಕುಳಿತರೆ ಮೊದಲ ಪಟ್ಟಿ ಸಿದ್ಧವಾದೀತು.