ಟಿಕೆಟ್ ಸಿಕ್ಕಿತಲ್ಲ, ಇನ್ನು ಓಟು ಯಾಕೆ?

2023ರ ಏಪ್ರಿಲ್ ಮಧ್ಯದಲ್ಲಿ ಊರಿಗೆ ಹೋಗಿದ್ದೆ. ಹಾಲಾಡಿ ಪೇಟೆಯಲ್ಲಿ ಚಾ ಕುಡೀತಾ ಇದ್ದಾಗ ಪರಿಚಯದ ಹಿರಿಯರೊಬ್ಬರು ಕೇಳಿದರು, "ಎಂತ ಮಾಣಿ, ಓಟಿಗೆ ಬತ್ಯಾ?" ಬತ್ತೆ ಅಂದೆ. "ಟಿಕೆಟ್ ಯಾರಿಗ್ ಅಂತ ಗೊತ್ತಾಯ್ತಲೆ, ಇನ್ ಬಂದ್ ಎಂತ ಮಾಡ್ತೆ?" ಅಂತ ನಕ್ಕರು. ನಾನೂ ನಕ್ಕೆ. ಆದರೆ ಆ ಮಾತು ಇನ್ನೂ ತಲೆಯಿಂದ ಹೋಗಿಲ್ಲ.

ಅವರು ಹೇಳಿದ್ದರಲ್ಲಿ ತಪ್ಪೇನಿದೆ? ನಮ್ಮ ಕುಂದಾಪುರ ಕ್ಷೇತ್ರದಲ್ಲಿ 2018ರಲ್ಲಿ ಗೆಲುವಿನ ಅಂತರ 56,405 ಮತ. 2023ರಲ್ಲಿ ಹೊಸ ಅಭ್ಯರ್ಥಿ ನಿಂತರೂ 40 ಸಾವಿರ ದಾಟಿತು. ಎರಡೂ ಸಲ ಉಡುಪಿ ಜಿಲ್ಲೆಯ ಐದಕ್ಕೆ ಐದು ಸೀಟೂ ಬಿಜೆಪಿಗೆ. ಇಂಥ ಕಡೆ ನಿಜವಾದ ಚುನಾವಣೆ ನಡೆಯೋದು ಮತಗಟ್ಟೆಯಲ್ಲಲ್ಲ, ಪಟ್ಟಿ ಮಾಡುವ ಕೋಣೆಯಲ್ಲಿ. ಅಲ್ಲಿ ನಮಗೆ ಓಟಿಲ್ಲ. ಆ ಸಲ ಉಡುಪಿಯಲ್ಲಿ ಹಾಲಿ ಶಾಸಕರಾಗಿದ್ದ ರಘುಪತಿ ಭಟ್ಟರು ತಮಗೆ ಟಿಕೆಟ್ ಇಲ್ಲ ಅನ್ನೋದು ಟಿವಿ ನೋಡಿ ತಿಳಿಯಿತು ಅಂತ ಕಣ್ಣೀರು ಹಾಕಿದರು. ಶಾಸಕರ ಕಥೆಯೇ ಹೀಗಾದರೆ ಬೂತಿನಲ್ಲಿ ಚೀಟಿ ಹಂಚುವ ಕಾರ್ಯಕರ್ತನ ಮಾತು ಯಾರು ಕೇಳ್ತಾರೆ?

ಇದು ಒಂದೇ ಪಕ್ಷದ ರೋಗ ಅಲ್ಲ. ಅದೇ ಚುನಾವಣೆಗೆ ಕಾಂಗ್ರೆಸ್ ಅರ್ಜಿ ಕರೆದಾಗ ಅರ್ಜಿ ಶುಲ್ಕ 5 ಸಾವಿರ, ಜೊತೆಗೆ ಸಾಮಾನ್ಯ ವರ್ಗದವರಿಗೆ 2 ಲಕ್ಷ ರೂಪಾಯಿ ಡಿಡಿ. ಕೆಲಸದ ಅರ್ಜಿ ಹಾಕಿದ ಹಾಗೆ. ಸಂದರ್ಶನ ಮಾಡೋರು ಮಾತ್ರ ಊರಿನವರಲ್ಲ!

ಹಾಗಂತ ಕುಂದಾಪುರದವರು ಕೊಟ್ಟಿದ್ದನ್ನೆಲ್ಲ ತೆಪ್ಪಗೆ ತಗೊಂಡವರಲ್ಲ. 1999, 2004, 2008ರಲ್ಲಿ ಬಿಜೆಪಿಯಿಂದ ಗೆದ್ದಿದ್ದ ನಮ್ಮೂರಿನ ಹಾಲಾಡಿ ಶ್ರೀನಿವಾಸ ಶೆಟ್ಟರಿಗೆ 2012ರಲ್ಲಿ ಮಂತ್ರಿಗಿರಿ ಕೊನೇ ಗಳಿಗೆಯಲ್ಲಿ ತಪ್ಪಿತು. ಅವರು ಪಕ್ಷ ಬಿಟ್ಟರು. 2013ರಲ್ಲಿ ಪಕ್ಷೇತರರಾಗಿ ನಿಂತು 40 ಸಾವಿರದಷ್ಟು ಅಂತರದಲ್ಲಿ ಗೆದ್ದರು. ನಾನಾಗ ಹೈಸ್ಕೂಲು. ಚಿಹ್ನೆ ಬದಲಾದರೂ ಜನ ಹೆಸರು ಹುಡುಕಿ ಒತ್ತಿದರು ಅನ್ನೋದು ನಮಗೆಲ್ಲ ದೊಡ್ಡ ಹೆಮ್ಮೆ.

ಆದರೆ ಈಗ ಅನ್ನಿಸುತ್ತೆ, ಅದು ಮೂರು ಸಲ ಗೆದ್ದು ಹೆಸರು ಮಾಡಿದವರಿಗೆ ಮಾತ್ರ ಸಾಧ್ಯವಾದ ಮಾತು. ಅವರೂ 2018ಕ್ಕೆ ಪಕ್ಷಕ್ಕೆ ಮರಳಿದರು. 2023ರಲ್ಲಿ ಚುನಾವಣಾ ರಾಜಕೀಯದಿಂದ ನಿವೃತ್ತಿ ಅಂದರು. ಟಿಕೆಟ್ ಕಿರಣ್ ಕುಮಾರ್ ಕೊಡ್ಗಿಯವರಿಗೆ ಸಿಕ್ಕಿತು, ಗೆದ್ದರು. ಅವರ ಯೋಗ್ಯತೆಯ ಬಗ್ಗೆ ನನ್ನ ತಕರಾರಿಲ್ಲ. ಮೊದಲ ಸಲ ನಿಲ್ಲಬೇಕು ಅನ್ನೋ ಸಾಮಾನ್ಯನೊಬ್ಬ ಊರಿನವರ ಎದುರು ಬಂದು "ನನ್ನನ್ನು ಆರಿಸಿ" ಅನ್ನೋಕೆ ಜಾಗವೇ ಇಲ್ಲವಲ್ಲ, ತಕರಾರು ಅದರ ಬಗ್ಗೆ.

ಅಮೆರಿಕದಲ್ಲಿ ಪ್ರೈಮರಿ ಇದೆ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಕ್ಷೇತ್ರದ ಪಕ್ಷದ ಸದಸ್ಯರೇ ಓಟು ಹಾಕಿ ಅಭ್ಯರ್ಥಿಯನ್ನು ಆರಿಸುತ್ತಾರೆ. ಅಷ್ಟು ದೂರ ಯಾಕೆ, ನಮ್ಮ ಹಾಲಿನ ಸೊಸೈಟಿಗೂ ಸದಸ್ಯರೇ ನಿರ್ದೇಶಕರನ್ನು ಆರಿಸೋದು. ಗ್ರಾಮ ಪಂಚಾಯತಿಯಲ್ಲಂತೂ ಪಕ್ಷದ ಚಿಹ್ನೆಯೇ ಇಲ್ಲ. ಶಾಸಕರ ವಿಷಯಕ್ಕೆ ಬಂದಾಗ ಮಾತ್ರ ಬಿ ಫಾರಂ ಮೇಲಿಂದ ಇಳಿದು ಬರಬೇಕು. ಪಕ್ಷಗಳ ಒಳಗೂ ಪ್ರಜಾಪ್ರಭುತ್ವ ಬೇಕು ಅಂತ ಕಾನೂನು ಆಯೋಗ 1999ರಲ್ಲೇ ತನ್ನ 170ನೇ ವರದಿಯಲ್ಲಿ ಹೇಳಿತ್ತು. ಯಾವ ಪಕ್ಷ ತಾನೇ ತನ್ನ ಕೈ ತಾನೇ ಕಟ್ಟಿಕೊಳ್ಳುತ್ತೆ?

ಸದಸ್ಯರಿಗೆ ಓಟು ಕೊಟ್ಟರೆ ಅಲ್ಲೂ ದುಡ್ಡು, ಜಾತಿ ಓಡಾಡುತ್ತೆ ಅಂತೀರಿ. ನಿಜ. ಈಗೇನು ಓಡಾಡ್ತಾ ಇಲ್ವಾ? ಈಗ ಬಾಗಿಲು ಹಾಕಿಕೊಂಡು ಓಡಾಡುತ್ತೆ, ಆಗ ಕಣ್ಣಿಗಾದರೂ ಕಾಣಿಸುತ್ತೆ.

2023ರಲ್ಲಿ ನಾನಂತೂ ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಬಂದು ಓಟು ಹಾಕಿದೆ. 2028ಕ್ಕೂ ಬರ್ತೇನೆ. ಆದರೆ ಚಾ ಅಂಗಡಿಯ ಆ ಪ್ರಶ್ನೆಗೆ ಆವತ್ತಾದರೂ ನನ್ನ ಹತ್ತಿರ ಉತ್ತರ ಇರಬೇಕು ಅಂತ ಆಸೆ.

ನಿಮ್ಮ ಊರಲ್ಲಿ ಹೇಗೆ? ಅಭ್ಯರ್ಥಿ ಯಾರಾಗಬೇಕು ಅಂತ ನಿಮ್ಮನ್ನು ಯಾರಾದರೂ, ಎಂದಾದರೂ ಕೇಳಿದ್ದಾರಾ?